ಕಾಫಿಯ ಬಟ್ಟಲೂ ಶಕ್ತಿಯ ಲೆಕ್ಕವೂ

ಒಂದು ಬಟ್ಟಲಿನ ಕ್ರಯವೆಷ್ಟೆಂದು ಕೇಳಿದರೆ ಅಂಗಡಿಯವನು ತಡೆಯದೆ ಹೇಳಬಲ್ಲನು. ಆದರೆ ಆ ಬಟ್ಟಲಿಗಾಗಿ ಅಗೆದ ಮಣ್ಣು, ಕಡಿದ ಮರ, ಉರಿಸಿದ ಇಂಧನ, ಕೊಳೆಯಾದ ನೀರು ಇವುಗಳ ಲೆಕ್ಕವನ್ನು ಹೇಳುವವರಾರು? ಈ ಲೆಕ್ಕವನ್ನು ಹಾಕುವುದೇ ಈಗ ಒಂದು ಶಾಸ್ತ್ರವಾಗಿ ಬೆಳೆದಿದೆ. ಜೀವನಚಕ್ರ ವಿಶ್ಲೇಷಣೆಯೆಂದು ಅದಕ್ಕೆ ಹೆಸರು. ವಸ್ತುವೊಂದರ ಹುಟ್ಟು, ಬಳಕೆ, ಅಳಿವು ಇವು ಮೂರನ್ನೂ ಅಳೆದು, ನಿಸರ್ಗದ ಮೇಲೆ ಅದು ಹೊರಿಸುವ ಭಾರವನ್ನು ಗೊತ್ತುಮಾಡುವುದು ಅದರ ಕೆಲಸ.

ಈ ಕೆಲಸವನ್ನು ಕಾಫಿಯ ಬಟ್ಟಲಿನ ಮೇಲೆ ನಡೆಸಿ ಜನರನ್ನು ಬೆರಗುಗೊಳಿಸಿದವರು ಕೆನಡಾ ದೇಶದ ವಿಕ್ಟೋರಿಯಾ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞರಾದ ಮಾರ್ಟಿನ್ ಹಾಕಿಂಗ್. ಅಮೆರಿಕದಲ್ಲಿ ಆಗ ಪಾಲಿಸ್ಟೈರೀನ್ ಎಂಬ ನೊರೆಪ್ಲಾಸ್ಟಿಕ್ಕಿನ ಮೇಲೆ ಜನಾಭಿಪ್ರಾಯವು ತಿರುಗಿಬಿದ್ದಿತ್ತು. ನಮ್ಮ ಅಂಗಡಿಗಳಲ್ಲಿ ಥರ್ಮೊಕೋಲ್ ಎನ್ನುವುದು ಇದನ್ನೇ. ಮೆಕ್‌ಡೊನಾಲ್ಡ್ಸ್ ಸಂಸ್ಥೆಯು ತನ್ನ ತಿನಿಸಿನ ಪೆಟ್ಟಿಗೆಗಳಿಗೆ ಇದನ್ನು ಬಿಟ್ಟು ಕಾಗದವನ್ನು ಬಳಸುವುದಾಗಿ 1990ರಲ್ಲಿ ಪ್ರಕಟಿಸಿತು. ಕಾಗದವು ಮರದಿಂದ ಬಂದದ್ದು, ಆದುದರಿಂದ ನಿರಪಾಯಕರ ಎಂಬುದು ಸಾಮಾನ್ಯರ ನಂಬಿಕೆ. ಈ ನಂಬಿಕೆಯನ್ನು ಹಾಕಿಂಗರು ತಕ್ಕಡಿಗೆ ಹಾಕಿ ನೋಡಿದರು.

1991ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರ ಲೇಖನವು ಪ್ರಕಟವಾಯಿತು. ಸುಮಾರು 10 ಗ್ರಾಂ ತೂಕದ ಒಂದು ಕಾಗದದ ಬಟ್ಟಲಿಗೆ 33 ಗ್ರಾಂನಷ್ಟು ಮರ ಮತ್ತು ತೊಗಟೆಯಲ್ಲದೆ, 4 ಗ್ರಾಂನಷ್ಟು ಪೆಟ್ರೋಲಿಯಮ್ ಸಹ ಬೇಕಾಗುವುದೆಂದು ಅವರು ಲೆಕ್ಕಹಾಕಿದ್ದರು. ನೊರೆಪ್ಲಾಸ್ಟಿಕ್ಕಿನ ಬಟ್ಟಲಿನ ತೂಕವೋ ಒಂದೂವರೆ ಗ್ರಾಂ. ಅದಕ್ಕೆ ಬೇಕಾದ ಪೆಟ್ರೋಲಿಯಮ್ ಸುಮಾರು 3 ಗ್ರಾಂ ಮಾತ್ರ! ಈ ಲೇಖನಕ್ಕೆ ಅದೇ ಪತ್ರಿಕೆಯಲ್ಲಿ ಆಕ್ಷೇಪಣೆಗಳೂ ಬಂದುವು. ಆದರೆ ಅಳೆಯದೆ ತೀರ್ಮಾನಿಸಬಾರದೆಂಬ ಮಾತು ಉಳಿಯಿತು.

ಹಾಗಾದರೆ ತೊಳೆದು ತೊಳೆದು ಬಳಸುವ ಬಟ್ಟಲು ಇವೆರಡಕ್ಕಿಂತ ಮೇಲಲ್ಲವೆ? 1994ರಲ್ಲಿ ಹಾಕಿಂಗರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಬಟ್ಟಲೊಂದನ್ನು ತಯಾರಿಸಲು ತಗಲುವ ಶಕ್ತಿಯು ಅವರ ಲೆಕ್ಕದಲ್ಲಿ ಹೀಗಿದೆ: ಪಿಂಗಾಣಿಗೆ 14,088 ಕಿಲೋಜೂಲು, ಗಟ್ಟಿ ಪ್ಲಾಸ್ಟಿಕ್ಕಿಗೆ 6,307, ಗಾಜಿಗೆ 5,545, ಕಾಗದಕ್ಕೆ 548, ನೊರೆಪ್ಲಾಸ್ಟಿಕ್ಕಿಗೆ 198. ಮೂರು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು 1,000 ಕಿಲೋಜೂಲು ಬೇಕೆಂಬುದನ್ನು ನೆನೆದರೆ ಈ ಅಂಕಿಗಳ ಗಾತ್ರವು ಮನಸ್ಸಿಗೆ ಬರುವುದು. ಮಣ್ಣನ್ನು ಸುಡುವ ಭಟ್ಟಿಯ ಉರಿಯೇ ಪಿಂಗಾಣಿಯ ಈ ದೊಡ್ಡ ಅಂಕಿಗೆ ಮುಖ್ಯ ಕಾರಣ.

ಇನ್ನು ತೊಳೆಯುವ ಲೆಕ್ಕ. ಯಂತ್ರದಲ್ಲಿ ಬಿಸಿನೀರಿನಿಂದ ಬಟ್ಟಲನ್ನು ಒಮ್ಮೆ ತೊಳೆಯಲು ಸುಮಾರು 184 ಕಿಲೋಜೂಲು ಬೇಕು. ಕಾಗದದ ಬಟ್ಟಲನ್ನು ಬಿಟ್ಟು ಪಿಂಗಾಣಿಯದನ್ನು ಬಳಸಿದಾಗಲೆಲ್ಲ 548ರಲ್ಲಿ 184 ಕಳೆದು 364 ಕಿಲೋಜೂಲು ಉಳಿತಾಯವಾಗುತ್ತದೆ. 14,088ನ್ನು 364ರಿಂದ ಭಾಗಿಸಿರಿ: 39ನೆಯ ಬಳಕೆಗೆ ಸಾಲವು ತೀರಿತು. ನೊರೆಪ್ಲಾಸ್ಟಿಕ್ಕಿನೊಡನೆ ಹೋಲಿಸಿದರೆ ಪ್ರತಿಸಲದ ಉಳಿತಾಯ ಕೇವಲ 14 ಕಿಲೋಜೂಲು; ಸಾಲ ತೀರಲು 1,006 ಸಲ ಬಳಸಬೇಕು! ದಿನಕ್ಕೆ ಎರಡು ಸಲ ಕಾಫಿ ಕುಡಿಯುವವನಿಗೆ ಮೊದಲನೆಯದು 20 ದಿನಗಳ ಮಾತು, ಎರಡನೆಯದು ಸುಮಾರು ಒಂದೂವರೆ ವರ್ಷದ ಮಾತು.

ಈ ಲೆಕ್ಕದ ಕೀಲು ತೊಳೆಯುವುದರಲ್ಲಿದೆ. ಯಂತ್ರವನ್ನು ಅರ್ಧ ತುಂಬಿಸಿ ನಡೆಸಿದರೆ ಬಟ್ಟಲೊಂದಕ್ಕೆ ತಗಲುವ ಶಕ್ತಿಯು ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಆಗ ತೊಳೆಯುವ ವೆಚ್ಚವೇ 198ನ್ನು ಮೀರುವುದರಿಂದ ಪಿಂಗಾಣಿಯು ನೊರೆಪ್ಲಾಸ್ಟಿಕ್ಕನ್ನು ಎಂದಿಗೂ ಹಿಂದೆ ಹಾಕಲಾರದು. ಅದೇ ತಣ್ಣೀರಿನಲ್ಲಿ ಕೈಯಿಂದ ತೊಳೆದರೆ ನೀರು ಕಾಯಿಸುವ ಶಕ್ತಿ ಉಳಿದು, ಸಾಲವು ಬಲುಬೇಗ ತೀರುವುದು. ಹತ್ತು ಸಲ ಬಳಸುವಷ್ಟರಲ್ಲಿ ಕೈಜಾರಿ ಒಡೆದ ಪಿಂಗಾಣಿಯ ಬಟ್ಟಲಾದರೋ ಪ್ರತಿ ಬಳಕೆಗೆ ಕಾಗದದ ಬಟ್ಟಲಿನ ಸುಮಾರು ಮೂರರಷ್ಟು ಶಕ್ತಿಯನ್ನು ನುಂಗಿರುತ್ತದೆ.

ಹಾಗೆಂದು ನೊರೆಪ್ಲಾಸ್ಟಿಕ್ಕೇ ಶ್ರೇಷ್ಠವೆಂದು ತಿಳಿಯಬಾರದು. ಶಕ್ತಿಯು ಅಳತೆಗಳಲ್ಲಿ ಒಂದು ಮಾತ್ರ. ಬಿಸಾಡಿದ ನೊರೆಪ್ಲಾಸ್ಟಿಕ್ಕು ಮಣ್ಣಿನಲ್ಲಿ ಕೊಳೆಯದೆ ಬಹುಕಾಲ ಉಳಿಯುತ್ತದೆ. ಪುಡಿಪುಡಿಯಾಗಿ ಚರಂಡಿ, ಹೊಳೆಗಳ ಮೂಲಕ ಕಡಲನ್ನು ಸೇರುತ್ತದೆ. ಕಿಲೋಜೂಲಿನ ಪಟ್ಟಿಯಲ್ಲಿ ಈ ಹಾನಿಗೆ ಕಲಮೇ ಇಲ್ಲ. ಆದಕಾರಣ ಜೀವನಚಕ್ರ ವಿಶ್ಲೇಷಣೆ ಮಾಡುವವರು ಶಕ್ತಿಯೊಡನೆ ನೀರು, ಹವಾಮಾನ, ವಿಷವಸ್ತುಗಳು ಮೊದಲಾದುವನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಈ ಕಾರ್ಯಕ್ಕೆ ಅಂತರರಾಷ್ಟ್ರೀಯ ನಿಯಮಾವಳಿಯೂ 1997ರಲ್ಲಿ ಹೊರಟಿತು.

ನಮ್ಮ ಮನೆಗಳಲ್ಲಿರುವ ಸ್ಟೀಲ್ ಲೋಟಕ್ಕೂ ಇದೇ ಪ್ರಶ್ನೆಗಳನ್ನು ಹಾಕಬಹುದು. ಅದನ್ನು ಎಷ್ಟು ವರ್ಷ ಬಳಸುತ್ತೇವೆ? ಹೇಗೆ ತೊಳೆಯುತ್ತೇವೆ? ಕೊನೆಗೆ ಅದು ಹಳೆಯ ಪಾತ್ರೆಯ ವ್ಯಾಪಾರಿಯ ಮೂಲಕ ಮರಳಿ ಕುಲುಮೆಗೆ ಹೋಗುವುದೆ? ಕಾರ್ಖಾನೆಯಲ್ಲಿ ಅರ್ಧ ಬರೆದಿಟ್ಟ ಲೆಕ್ಕವನ್ನು ಬಳಸುವವರ ಕೈಗಳೇ ಪೂರ್ತಿಗೊಳಿಸಬೇಕು. ಒಡೆಯದಂತೆ ಕಾಪಾಡಿ, ಮಿತವಾಗಿ ತೊಳೆದು, ಬಹುಕಾಲ ಬಳಸಿದ ಬಟ್ಟಲೇ ನಿಸರ್ಗದ ಪಾಲಿಗೆ ಅಗ್ಗದ ಬಟ್ಟಲು.