ಬೆರಳು ಚುರುಕಾದರೆ ಸಾಲದು

ಹೈಸ್ಕೂಲಿನಲ್ಲಿ ಓದುವ ನಮ್ಮ ಮಕ್ಕಳ ಬೆರಳು ಮೊಬೈಲಿನ ಮೇಲೆ ನಮಗಿಂತ ಚುರುಕು. ಹಾಗಾಗಿ ಅಲ್ಲಿ ಬರುವುದರಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂಬುದೂ ಅವರಿಗೆ ಗೊತ್ತಿರುತ್ತದೆಂದು ನಾವು ಭಾವಿಸಿದ್ದೇವೆ. ಇದು ಸರಿಯೇ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2018-19ರಲ್ಲಿ ಅಲ್ಲಿನ 3,446 ಹೈಸ್ಕೂಲ್ ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. 'ಸುಳ್ಳು ಸುದ್ದಿ ಗುರುತಿಸಲು ನಿನಗೆ ಬರುತ್ತದೆಯೇ?' ಎಂದಷ್ಟೇ ಕೇಳಿದ್ದರೆ ಹೆಚ್ಚಿನವರು ಹೌದೆನ್ನುತ್ತಿದ್ದರೇನೋ. ಅವರು ಕೆಲಸ ಕೊಟ್ಟು ನೋಡಿದರು. ಮತಪೆಟ್ಟಿಗೆಗೆ ಕಳ್ಳಮತ ತುರುಕುವ ಒಂದು ಫೇಸ್‌ಬುಕ್ ವಿಡಿಯೋ ತೋರಿಸಿ, ಇದು ಅಮೆರಿಕದ ಚುನಾವಣಾ ಅಕ್ರಮಕ್ಕೆ ಬಲವಾದ ಸಾಕ್ಷಿಯೇ ಎಂದು ಕೇಳಿದರು. ಇಂಟರ್‌ನೆಟ್‌ನಲ್ಲಿ ಹುಡುಕಲು ಅವಕಾಶವೂ ಇತ್ತು. ಶೇ. 52ರಷ್ಟು ಮಂದಿ ಹೌದೆಂದರು. ಆ ವಿಡಿಯೋ ರಷ್ಯಾದ್ದು! ಅದರ ಮೂಲವನ್ನು ಪತ್ತೆ ಹಚ್ಚಿದವರು ಕೇವಲ 3 ವಿದ್ಯಾರ್ಥಿಗಳು.

ಮಕ್ಕಳು ದಡ್ಡರಾಗಿರಲಿಲ್ಲ. ಕಣ್ಣೆದುರಿನ ಚಿತ್ರವನ್ನೇ ನೋಡುತ್ತಾ ಕುಳಿತರು. ಅದನ್ನು ಬಿಟ್ಟು ಹೊರಗೆ ಹೋಗಿ ವಿಚಾರಿಸಲಿಲ್ಲ, ಅಷ್ಟೆ.

ಈ ತಪ್ಪಿನ ಬೆಲೆ ಎಷ್ಟೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಗುಂಪೊಂದು ಹೊಡೆದು ಕೊಂದಿತು. ವಾಟ್ಸಾಪ್‌ನಲ್ಲಿ ಹರಡಿದ ವದಂತಿ ಅದಕ್ಕೆ ಕಾರಣವಾಗಿತ್ತು. ಫಾರ್ವರ್ಡ್ ಮಾಡಿದವರಿಗೆ ಅದೊಂದು ಕ್ಷಣದ ಕೆಲಸ. ಆ ಮನೆಯವರಿಗೆ ಬದುಕಿಡೀ ಮುಗಿಯದ ನೋವು.

ಸುದ್ದಿ ಬಂದಾಗ ಮೊದಲು ಪರಿಶೀಲಿಸಬೇಕು, ಇಲ್ಲವಾದರೆ ಅರಿಯದೆ ಇತರರಿಗೆ ಹಾನಿ ಮಾಡಿ ಮರುಗಬೇಕಾದೀತು ಎಂಬ ಸೂರಃ ಅಲ್ ಹುಜುರಾತ್‌ನ ಬೋಧನೆಯನ್ನು ನಾವು ಜುಮಾ ಖುತ್ಬಾಗಳಲ್ಲಿ ಕೇಳುತ್ತಲೇ ಇದ್ದೇವೆ. ಅದನ್ನು ಮೊಬೈಲ್ ಹಿಡಿದಾಗಲೂ ನೆನಪಿಡುತ್ತೇವೆಯೇ?

ಮಕ್ಕಳ ಅರಿವನ್ನು ಮನೆಯಲ್ಲೇ ಅಳೆಯಬಹುದು. ಕುಟುಂಬದ ಗ್ರೂಪಿಗೆ ಬಂದ ಒಂದು ಸಂದೇಶವನ್ನು ಮಗ ಅಥವಾ ಮಗಳ ಮುಂದಿಟ್ಟು ಮೂರು ಪ್ರಶ್ನೆ ಕೇಳೋಣ. ಇದನ್ನು ಹೇಳಿದವರು ಯಾರು? ಅವರ ಬಳಿ ಇರುವ ಸಾಕ್ಷಿ ಏನು? ಬೇರೆಯವರು ಇದರ ಬಗ್ಗೆ ಏನು ಹೇಳುತ್ತಾರೆ? ಉತ್ತರಕ್ಕಿಂತ ಹೆಚ್ಚಾಗಿ, ಉತ್ತರ ಹುಡುಕುವ ದಾರಿಯನ್ನು ಗಮನಿಸೋಣ. ಆ ಸಂದೇಶದಲ್ಲೇ ಕಣ್ಣು ನೆಟ್ಟು ಕೂರುತ್ತಾರೋ, ಬೇರೆ ಕಡೆ ವಿಚಾರಿಸುತ್ತಾರೋ? ತಪ್ಪಿದರೆ ಗದರುವುದು ಬೇಡ. ಜೊತೆಗೆ ಕುಳಿತು ಹುಡುಕೋಣ. ಒಂದು ತಿಂಗಳ ಬಳಿಕ ಇನ್ನೊಂದು ಸಂದೇಶ ಕೊಟ್ಟು ನೋಡೋಣ. ಬದಲಾವಣೆ ಆಗಲೇ ತಿಳಿಯುತ್ತದೆ.

ಇನ್ನೊಂದು ಮಾತು. ಆ ಸಂದೇಶವನ್ನು ಗ್ರೂಪಿಗೆ ಹಾಕಿದವರು ಬಹಳ ಸಲ ನಾವೇ, ಅಂದರೆ ಹಿರಿಯರೇ. ಆದ್ದರಿಂದ ಈ ಪರೀಕ್ಷೆಗೆ ಮೊದಲು ನಾವು ಕೂರೋಣ, ಮಕ್ಕಳು ನೋಡಲಿ.