ಮುಪ್ಪಿನ ಚೆಲುವು: ಹಳೆಯ ಬೋನ್ಸಾಯ್ ನೋಡುವ ಬಗೆ

ಗೋಕಾಕದ ಕಡೆ ಮರಕ್ಕೂ 'ಗಿಡ' ಎಂದೇ ಹೇಳುವ ರೂಢಿ. ಹಿತ್ತಲಿನ ತುಳಸಿಯೂ ಗಿಡ, ಊರ ಅಗಸಿಯ ಮುಂದಿನ ಮುದಿ ಆಲವೂ ಗಿಡ. ಮೂಡಲಗಿ, ಹುಕ್ಕೇರಿಗಳಲ್ಲೂ ಇದೇ ಮಾತು. ದಕ್ಷಿಣದ ಜಿಲ್ಲೆಗಳ ಜನರಿಗೆ ಇದು ಮೊದಮೊದಲು ವಿಚಿತ್ರವೆನಿಸುತ್ತದೆ. ಆದರೆ ಬೋನ್ಸಾಯ್ ಕುರಿತು ಮಾತನಾಡುವಾಗ ಇದಕ್ಕಿಂತ ಅನುಕೂಲವಾದ ರೂಢಿ ಇನ್ನೊಂದಿಲ್ಲ. ಏಕೆಂದರೆ ಹಳೆಯ ಬೋನ್ಸಾಯ್ ಎತ್ತರದಲ್ಲಿ ಗಿಡ, ವಯಸ್ಸಿನಲ್ಲಿ ಮರ.

'ಬೋನ್' ಎಂದರೆ ಜಪಾನೀ ಭಾಷೆಯಲ್ಲಿ ತಟ್ಟೆಯಂಥ ಕುಂಡ, 'ಸಾಯ್' ಎಂದರೆ ನೆಡುವುದು. ಜಪಾನೀ ಹೆಸರಿನಿಂದ ಜಗತ್ತಿಗೆ ಪರಿಚಯವಾದರೂ ಈ ಕಲೆಯ ತವರು ಚೀನಾ. ಅಲ್ಲಿನ ಟಾಂಗ್ ವಂಶದ ರಾಜಕುಮಾರ ಝಾಂಗ್‌ಹುವಾಯ್‌ನ ಸಮಾಧಿ ಕ್ರಿ.ಶ. 706ರ ಕಾಲದ್ದು. ಅದರ ಗೋಡೆಯ ಮೇಲೆ ಪುಟ್ಟ ಗಿಡಗಳನ್ನೂ ಕಲ್ಲುಗಳನ್ನೂ ಜೋಡಿಸಿದ ತಟ್ಟೆಯನ್ನು ಹಿಡಿದು ನಿಂತ ಸೇವಕರ ಚಿತ್ರವಿದೆ. ನಮ್ಮಲ್ಲಿ ಇದಕ್ಕೆ 'ವಾಮನ ವೃಕ್ಷ' ಎಂಬ ಹೆಸರು ಬಂದಿದೆ. ಹೆಸರೇನೋ ಚೆನ್ನಾಗಿದೆ, ಆದರೆ ಅದನ್ನು ಕೇಳಿದವರ ಗಮನವೆಲ್ಲ ಕುಳ್ಳತನದ ಮೇಲೆಯೇ ಹೋಗುತ್ತದೆ. ವಾಮನನ ಕಥೆಯಲ್ಲಿಯೂ ಮುಖ್ಯವಾದುದು ಆತನ ಪುಟ್ಟ ದೇಹವಲ್ಲ, ಅದರೊಳಗೆ ಅಡಗಿದ್ದ ತ್ರಿವಿಕ್ರಮ. ಹಾಗೆಯೇ ಹಳೆಯ ಬೋನ್ಸಾಯ್‌ನ ಚೆಲುವು ಇರುವುದು ಅದು ಬಾಳಿ ಬಂದ ಕಾಲ ಅದರ ಮೈಮೇಲೆ ಕಾಣುವುದರಲ್ಲಿ. ಇದನ್ನು ಕಾಣುವುದಕ್ಕೆ ಕಣ್ಣನ್ನು ಸ್ವಲ್ಪ ಪಳಗಿಸಿಕೊಳ್ಳಬೇಕಾಗುತ್ತದೆ.

ಬಂಡೆ ಕಲಿಸುವ ಪಾಠ

ಈ ಕಲೆಯನ್ನು ಮನುಷ್ಯ ಕಲಿತದ್ದು ನಿಸರ್ಗದಿಂದ. ಘಟಪ್ರಭಾ ನದಿ ಸುಮಾರು 52 ಮೀಟರ್ ಆಳಕ್ಕೆ ಧುಮುಕುವ ಗೋಕಾಕ ಜಲಪಾತದಲ್ಲಿ ನೋಡುವವರ ಕಣ್ಣು ಸಹಜವಾಗಿಯೇ ನೀರಿನ ಮೇಲಿರುತ್ತದೆ. ಸ್ವಲ್ಪ ಹೊತ್ತು ಆ ಮರಳುಗಲ್ಲಿನ ಕಡಿದಾದ ಗೋಡೆಯನ್ನೂ, ಸುತ್ತಲಿನ ಕಲ್ಲುಗುಡ್ಡಗಳನ್ನೂ ನೋಡಬೇಕು. ಹಿಡಿ ಮಣ್ಣೂ ಇಲ್ಲದ ಬಂಡೆಯ ಸಂದಿನಲ್ಲಿ ಬೀಜ ಬಿದ್ದು ಮೊಳೆತ ಗಿಡಕ್ಕೆ ಬೇರು ಚಾಚಲು ಜಾಗವಿಲ್ಲ. ಬೇಸಿಗೆಯಲ್ಲಿ ಕಾದ ಕಲ್ಲಿನ ಝಳ, ಎತ್ತರದಲ್ಲಿ ಬೀಸುವ ಗಾಳಿ, ಕೈಗೆಟುಕುವ ಚಿಗುರನ್ನೆಲ್ಲ ಮೇಯುವ ಆಡು: ಇವುಗಳ ನಡುವೆ ಅದು ವರ್ಷಕ್ಕೆ ಒಂದೆರಡು ಬೆರಳಷ್ಟು ಬೆಳೆದರೆ ಹೆಚ್ಚು. ಎತ್ತರ ಬರುವುದಿಲ್ಲ, ಆದರೆ ಕಾಂಡ ದಪ್ಪವಾಗುತ್ತದೆ, ಬಾಗುತ್ತದೆ, ತೊಗಟೆ ಬಿರಿಯುತ್ತದೆ.

ಹುಕ್ಕೇರಿಯಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಕಾಲದ ಗುಂಬಜ್‌ಗಳಿವೆ. ಇಂಥ ಹಳೆಯ ಗಾರೆ ಗೋಡೆಗಳೆಂದರೆ ಆಲ, ಅರಳಿಗಳಿಗೆ ಬಲು ಇಷ್ಟ. ಹಣ್ಣು ತಿಂದ ಹಕ್ಕಿಗಳ ಹಿಕ್ಕೆಯೊಡನೆ ಬಿದ್ದ ಬೀಜ ಬಿರುಕಿನಲ್ಲಿ ಮೊಳೆತು, ಬೇರುಗಳನ್ನು ಕಲ್ಲಿನ ಮೇಲೆ ಹರಿಯಬಿಟ್ಟು ನಿಲ್ಲುತ್ತದೆ. ದೇವಸ್ಥಾನದ ಶಿಖರದಲ್ಲಿ, ಹಾಳುಬಿದ್ದ ವಾಡೆಯ ಗೋಡೆಯಲ್ಲಿ ಇಂಥ ಗಿಡವನ್ನು ನೋಡದವರು ಯಾರು? ಬೋನ್ಸಾಯ್ ಬೆಳೆಸುವವನು ಕುಂಡದಲ್ಲಿ ಮಾಡುವುದು ಬಂಡೆ, ಗಾಳಿ, ಆಡುಗಳು ಗುಡ್ಡದಲ್ಲಿ ಮಾಡುವ ಕೆಲಸವನ್ನೇ. ವ್ಯತ್ಯಾಸವೆಂದರೆ, ಆತ ನೀರು, ಗೊಬ್ಬರಗಳನ್ನೂ ಕೊಡುತ್ತಾನೆ.

ಹೀಗೆ ಬೆಳೆದ ಗಿಡ ಬೇರೊಂದು ಕುಬ್ಜ ಜಾತಿಯದಲ್ಲ. ಅದೇ ಆಲ, ಅದೇ ಹುಣಸೆ. ನೆಲದಲ್ಲಿ ನೆಟ್ಟರೆ ಮತ್ತೆ ಎತ್ತರಕ್ಕೆ ಬೆಳೆಯತೊಡಗುತ್ತದೆ. ಬೇರಿಗೆ ಜಾಗ ಕಡಿಮೆಯಾದಾಗ ಮೇಲಿನ ಬೆಳವಣಿಗೆಯೂ ತಗ್ಗುತ್ತದೆ. ತುದಿಯ ಚಿಗುರನ್ನು ಚಿವುಟಿದಾಗ ಪಕ್ಕದ ಮೊಗ್ಗುಗಳು ಎಚ್ಚೆತ್ತು ಕವಲು ಹೆಚ್ಚುತ್ತದೆ, ಎಲೆ ಸಣ್ಣದಾಗುತ್ತದೆ. ಹೂವು ಕಾಯಿಗಳ ಗಾತ್ರ ಮಾತ್ರ ಕುಗ್ಗುವುದಿಲ್ಲ. ಮೊಣಕಾಲೆತ್ತರದ ಹುಣಸೆಯಲ್ಲಿ ಮಾಮೂಲು ಗಾತ್ರದ ಹುಣಸೆಕಾಯಿ ತೂಗುವುದು ಇದರಿಂದಲೇ. ಎರಡು ಮೂರು ವರ್ಷಗಳಿಗೊಮ್ಮೆ ಕುಂಡದಿಂದ ತೆಗೆದು, ಹಳೆಯ ಬೇರನ್ನು ಕತ್ತರಿಸಿ ಹೊಸ ಮಣ್ಣು ಕೊಟ್ಟಾಗ ಹೊಸ ಬೇರು ಹುಟ್ಟುತ್ತದೆ. ಮುದಿ ಮರದ ಕಾಲಬುಡ ಹೀಗೆ ಸದಾ ಎಳೆಯದಾಗಿರುವುದರಿಂದಲೇ ಅದು ಶತಮಾನಗಳ ಕಾಲ ಬದುಕಬಲ್ಲದು.

ಬುಡದಿಂದ ತುದಿಗೆ

ಪ್ರದರ್ಶನಗಳಲ್ಲಿ ಜನ ಬೋನ್ಸಾಯ್ ಅನ್ನು ಮೇಲಿನಿಂದ ಬಗ್ಗಿ ನೋಡುತ್ತಾರೆ, 'ಎಷ್ಟು ಸಣ್ಣದು!' ಎಂದು ಮುಂದೆ ಹೋಗುತ್ತಾರೆ. ಅದು ಗಿಡವನ್ನು ನೋಡುವ ರೀತಿಯಲ್ಲ. ಕುಳಿತುಕೊಂಡೋ ಬಾಗಿಯೋ ಕಣ್ಣನ್ನು ಕಾಂಡದ ಮಟ್ಟಕ್ಕೆ ತರಬೇಕು. ಆಗ ಕುಂಡ ಮರೆಯಾಗಿ, ದೂರದ ದಿನ್ನೆಯ ಮೇಲಿನ ದೊಡ್ಡ ಮರವೊಂದನ್ನು ನೋಡಿದಂತಾಗುತ್ತದೆ.

ನೋಟ ಬುಡದಿಂದ ಆರಂಭವಾಗಬೇಕು. ಹಳೆಯ ಮರದ ಬೇರುಗಳು ಮಣ್ಣಿನ ಮೇಲೆ ಸುತ್ತಲೂ ಹರಡಿ ನೆಲವನ್ನು ಬಿಗಿಯಾಗಿ ಹಿಡಿದಿರುತ್ತವೆ. ಆಲದ ಕಟ್ಟೆಯ ಮೇಲೆ ಕುಳಿತವರೆಲ್ಲ ಇದನ್ನು ಕಂಡಿದ್ದಾರೆ. ನಂತರ ಕಾಂಡ. ಅದು ಬುಡದಲ್ಲಿ ದಪ್ಪಗಿದ್ದು ಮೇಲೇರಿದಂತೆ ಕ್ರಮವಾಗಿ ಸಣ್ಣದಾಗಬೇಕು. ಕಂಬದಂತೆ ಒಂದೇ ದಪ್ಪಕ್ಕಿದ್ದರೆ ಅದು ಎಳೆಯ ಗಿಡವೆಂದು ತಿಳಿಯಬಹುದು. ಎತ್ತರವು ಬುಡದ ದಪ್ಪದ ಆರು ಪಟ್ಟಿನಷ್ಟಿದ್ದರೆ ಹದವೆಂದು ಬಲ್ಲವರ ಅಂದಾಜು. ಆಮೇಲೆ ತೊಗಟೆ. ಹುಣಸೆಯ ಬಿರುಕು ಬಿಟ್ಟ ತೊಗಟೆ, ಅರಳಿಯ ಬೂದು ಬಣ್ಣದ ಮೈ, ಇವನ್ನು ಆತುರದಿಂದ ತರಿಸಲು ಯಾವ ಉಪಾಯವೂ ಇಲ್ಲ.

ಕೊಂಬೆಗಳನ್ನು ನೋಡಿದರೂ ವಯಸ್ಸು ತಿಳಿಯುತ್ತದೆ. ಎಳೆಯ ಮರದ ಕೊಂಬೆಗಳು ಮೇಲಕ್ಕೆ ಚಾಚುತ್ತವೆ, ಅದರ ತುದಿ ಚೂಪು. ಮುಪ್ಪಿನಲ್ಲಿ ಕೆಳಗಿನ ಕೊಂಬೆಗಳು ತಮ್ಮ ಭಾರಕ್ಕೆ ತಾವೇ ಜಗ್ಗುತ್ತವೆ, ನೆತ್ತಿ ದುಂಡಗಾಗುತ್ತದೆ. ಕೊಂಬೆಯಿಂದ ಕವಲು, ಕವಲಿನಿಂದ ಕಡ್ಡಿ, ಕಡ್ಡಿಯಿಂದ ಇನ್ನೂ ಸಣ್ಣ ಕಡ್ಡಿ ಒಡೆದು ಸೂಕ್ಷ್ಮವಾದ ಜಾಲವಾಗಿರುತ್ತದೆ. ಆ ಒಂದೊಂದು ಕವಲಿನ ಹಿಂದೆಯೂ ಒಮ್ಮೆ ಚಿವುಟಿದ ಬೆರಳಿದೆ. ಎಲೆಗಳ ನಡುವಿನ ಬಯಲೂ ಅಷ್ಟೇ ಮುಖ್ಯ. ಹಕ್ಕಿಯೊಂದು ಹಾರಿ ಹೋಗುವಷ್ಟು ತೆರಪಿದ್ದರೆ ಮರ ಉಸಿರಾಡುತ್ತಿದೆ ಎನಿಸುತ್ತದೆ.

ಕೊನೆಗೆ ಗಾಯಗಳು. ಮುರಿದ ಕೊಂಬೆಯ ಗುರುತು, ಪೊಟರೆ, ಸತ್ತು ಬೆಳ್ಳಗಾದ ಕಟ್ಟಿಗೆ ಇವನ್ನು ಕುಂದೆಂದು ಎಣಿಸಬಾರದು. ಮರದ ಜೀವ ಹರಿಯುವುದು ತೊಗಟೆಯಡಿಯ ಪದರಗಳಲ್ಲಿ. ನಡುವಿನ ತಿರುಳು ಟೊಳ್ಳಾದರೂ ಅದು ಬದುಕುತ್ತದೆ. ಬೆಂಗಳೂರಿನ ಸಮೀಪದ ಕೇತೋಹಳ್ಳಿಯ ದೊಡ್ಡ ಆಲದ ಮರದ ಮೂಲ ಕಾಂಡವೇ ರೋಗದಿಂದ ನಶಿಸಿದೆ, ಆದರೂ ಬಿಳಲುಗಳ ಮೇಲೆ ಮರ ನಿಂತಿದೆ. ಜಪಾನೀಯರು ಜುನಿಪರ್ ಗಿಡಗಳಲ್ಲಿ ಸತ್ತ ಕೊಂಬೆಯನ್ನು 'ಜಿನ್' ಎಂದೂ, ತೊಗಟೆ ಕಳಚಿದ ಕಾಂಡದ ಭಾಗವನ್ನು 'ಶಾರಿ' ಎಂದೂ ಹೆಸರಿಟ್ಟು ಜೋಪಾನ ಮಾಡುತ್ತಾರೆ. ಬದುಕು ಸಾವುಗಳೆರಡೂ ಒಂದೇ ಮೈಯಲ್ಲಿ ಕಾಣುವುದು ಅವರಿಗೆ ಚೆಲುವು.

ಕಾಲವನ್ನು ಕೊಳ್ಳಲಾಗದು

ಗೋಕಾಕ ಮರದ ಆಟಿಗೆಗಳಿಗೆ ಹೆಸರಾದ ಊರು. ಅಲ್ಲಿನ ಕುಶಲಕರ್ಮಿಗಳು ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚಿದ ಹಣ್ಣು, ತರಕಾರಿಗಳು ನಿಜವಾದವೆಂದೇ ಕಣ್ಣಿಗೆ ಭ್ರಮೆ ಹುಟ್ಟಿಸುತ್ತವೆ. ಕಲಾವಿದ ಕುಂಚ ಕೆಳಗಿಟ್ಟಾಗ ಆಟಿಗೆಯ ಕೆಲಸ ಮುಗಿಯಿತು. ಬೋನ್ಸಾಯ್‌ಗೆ ಅಂಥ ಮುಕ್ತಾಯವಿಲ್ಲ. ಅದು ಜೀವಂತವಾಗಿರುವಷ್ಟು ಕಾಲ ಕೆಲಸ ಬಾಕಿಯೇ.

ಅಮೆರಿಕದ ವಾಷಿಂಗ್‌ಟನ್‌ನಲ್ಲಿರುವ ಪೈನ್ ಬೋನ್ಸಾಯ್ ಒಂದರ ಕಥೆ ಇದಕ್ಕೆ ಸಾಕ್ಷಿ. ಅದನ್ನು ಕುಂಡದಲ್ಲಿ ಪಳಗಿಸಲು ಆರಂಭಿಸಿದ್ದು 1625ರಲ್ಲಿ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದಾಗ ಅದು ಸುಮಾರು ಮೂರು ಕಿಲೋಮೀಟರ್ ದೂರದ ಯಾಮಾಕಿ ಕುಟುಂಬದ ಸಸ್ಯಕ್ಷೇತ್ರದಲ್ಲಿತ್ತು. ಅಲ್ಲಿನ ಗೋಡೆಯೊಂದು ಅದನ್ನು ಕಾಪಾಡಿತು. ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷವಾದ 1976ರಲ್ಲಿ ಜಪಾನ್ ಆ ದೇಶಕ್ಕೆ ಬೋನ್ಸಾಯ್‌ಗಳನ್ನು ಕಾಣಿಕೆಯಾಗಿ ಕೊಟ್ಟಾಗ ಮಸಾರು ಯಾಮಾಕಿ ಇದನ್ನು ನೀಡಿದರು. ಬಾಂಬಿನ ವಿಷಯ ಅಲ್ಲಿನವರಿಗೆ ತಿಳಿದದ್ದು 2001ರಲ್ಲಿ, ಅವರ ಮೊಮ್ಮಕ್ಕಳು ಗಿಡವನ್ನು ನೋಡಲು ಹೋದಾಗ. ಯಾರ ನಗರವನ್ನು ಸುಟ್ಟಿದ್ದರೋ ಅವರ ಮರಕ್ಕೆ ಇಂದು ಸುಟ್ಟ ದೇಶದವರೇ ನೀರು ಹಾಕುತ್ತಿದ್ದಾರೆ.

'ಗಿಡಕ್ಕೆ ಇದು ಹಿಂಸೆಯಲ್ಲವೆ?' ಎಂಬ ಪ್ರಶ್ನೆ ನಮ್ಮಲ್ಲಿ ಬಹಳ ಹಳೆಯದು. ಉಪವಾಸ ಕೆಡವಿದ ಗಿಡ ನಾಲ್ಕು ಶತಮಾನ ಬಾಳುವುದಿಲ್ಲವೆಂಬುದೇ ಇದಕ್ಕೆ ಉತ್ತರ. ಆದರೆ ಹಿಂಸೆ ಬೇರೆ ಕಡೆ ಇದೆ. ಅವಸರದಲ್ಲಿ ತಂತಿ ಸುತ್ತಿ, ಅದು ತೊಗಟೆಯನ್ನು ಕೊರೆಯುವವರೆಗೂ ಬಿಚ್ಚದೆ, ಹಾವಿನಂತೆ ತಿರುಚಿ ಮಾರುವುದು ಒಂದು. ವಯಸ್ಸನ್ನು ದಿಢೀರನೆ ಪಡೆಯುವ ಆಸೆಯಿಂದ ಗುಡ್ಡದ ಬಂಡೆಗಳಲ್ಲಿ ಬಾಳಿಕೊಂಡಿದ್ದ ಗಿಡಗಳನ್ನು ಕೀಳುವುದು ಇನ್ನೊಂದು. ಕಲ್ಲಿನ ಸಂದಿಗೆ ಇಳಿದ ಬೇರು ಇಡಿಯಾಗಿ ಬರುವುದಿಲ್ಲ. ಹಾಗೆ ಕಿತ್ತ ಗಿಡ ಅನೇಕ ಸಲ ಕುಂಡದಲ್ಲಿ ಚಿಗುರದೆ ಸಾಯುತ್ತದೆ. ಗುಡ್ಡದ ಗಿಡಕ್ಕೆ ಗುಡ್ಡವೇ ಕುಂಡ. ಕಟ್ಟಡದ ಗೋಡೆ ಸೀಳುವ ಆಲ, ಅರಳಿಯ ಸಸಿಗಳ ಮಾತು ಬೇರೆ. ಅವನ್ನು ಹೇಗೂ ತೆಗೆಯಲೇಬೇಕು. ಮನೆಯ ಗೋಡೆಯಿಂದ ತೆಗೆದದ್ದನ್ನು ತಿಪ್ಪೆಗೆ ಎಸೆಯುವ ಬದಲು ಕುಂಡಕ್ಕೆ ಹಾಕಬಹುದು. ಗುಂಬಜ್, ಗುಡಿಗಳಂಥ ಸ್ಮಾರಕಗಳಿಗೆ ಮಾತ್ರ ಸಂಬಂಧಪಟ್ಟ ಇಲಾಖೆಯವರ ಒಪ್ಪಿಗೆಯಿಲ್ಲದೆ ಕೈಹಾಕುವಂತಿಲ್ಲ.

ಬೆಳೆಸಬಯಸುವವರು ಪುಸ್ತಕದ ಚಿತ್ರಗಳಲ್ಲಿನ ಪೈನ್ ಮರಕ್ಕೆ ಆಸೆಪಡಬೇಕಾಗಿಲ್ಲ. ಅಂಥ ಅನೇಕ ಜಾತಿಗಳಿಗೆ ನಮ್ಮಲ್ಲಿಲ್ಲದ ಚಳಿಗಾಲ ಬೇಕು. ಆಲ, ಅರಳಿ, ಬಸರಿ, ಅತ್ತಿ, ಹುಣಸೆಗಳು ಈ ಸೀಮೆಯ ಬಿಸಿಲನ್ನು ಬಲ್ಲವು. ಮೂಡಲಗಿಯ ಎರೆಮಣ್ಣು ಹೊಲದಲ್ಲಿ ಕಬ್ಬಿಗೆ ಒಳ್ಳೆಯದೇ, ಆದರೆ ಕುಂಡಕ್ಕಲ್ಲ. ನೆನೆದರೆ ಉಬ್ಬಿ ನೀರನ್ನು ಹಿಡಿದಿಟ್ಟು ಬೇರು ಕೊಳೆಸುತ್ತದೆ, ಒಣಗಿದರೆ ಬಿರಿದು ಬೇರನ್ನು ಹರಿಯುತ್ತದೆ. ಗರಸು, ದಪ್ಪ ಉಸುಕು, ಇಟ್ಟಂಗಿಯ ಚೂರು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದ, ನೀರು ಸಲೀಸಾಗಿ ಇಳಿದುಹೋಗುವ ಮಣ್ಣು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆರಡು ಬಾರಿ ನೀರು ಹಾಕಬೇಕಾಗುತ್ತದೆ. ಮನೆಮಂದಿಯೆಲ್ಲ ಎರಡು ದಿನ ಮದುವೆಗೆ ಹೋಗಿ ಬರುವಷ್ಟರಲ್ಲಿ ಅರ್ಧ ಶತಮಾನದ ಗಿಡ ಒಣಗಿ ಹೋಗಬಹುದು.

ಚೆನ್ನಾಗಿ ಬೆಳೆದ ಬೋನ್ಸಾಯ್‌ಗಳನ್ನು ನೋಡಬಯಸುವವರು ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೆ ಹೋಗಬಹುದು. ಬೆಂಗಳೂರಿನ ಲಾಲ್‌ಬಾಗ್‌ನಲ್ಲೂ ಬೋನ್ಸಾಯ್ ತೋಟವಿದೆ. ಹೋದಾಗ ಒಂದೇ ಗಿಡದ ಮುಂದೆ ಹತ್ತು ನಿಮಿಷ ಕುಳಿತು, ಬುಡದಿಂದ ನೆತ್ತಿಯವರೆಗೆ ನಿಧಾನವಾಗಿ ನೋಡಿ. ಅದರ ಬೆಲೆ, ಎತ್ತರಗಳನ್ನು ಕೇಳುವ ಮೊದಲು ಇಲ್ಲಿಯವರೆಗೆ ಅದಕ್ಕೆ ಯಾರು ಯಾರು ನೀರು ಹಾಕಿದರೆಂದು ಕೇಳಿ. ಮನೆಯಲ್ಲೊಂದು ಬೆಳೆಸುವ ಮನಸ್ಸಾದರೆ, ನಿಮ್ಮ ನಂತರ ಯಾರು ಹಾಕುತ್ತಾರೆ ಎಂಬುದನ್ನೂ ಈಗಲೇ ಯೋಚಿಸಿ, ಆ ಮಗುವಿನ ಕೈಗೆ ನೀರಿನ ತಂಬಿಗೆ ಕೊಡಿ.