ಕೆರಳಿದ ಅಜ್ಜಿಯರ ಗಾನಮೇಳ

ಕೆನಡಾ ದೇಶದ ಪಶ್ಚಿಮದ ಅಂಚಿನಲ್ಲಿ, ಪೆಸಿಫಿಕ್ ಸಾಗರಕ್ಕೆ ಎದೆಯೊಡ್ಡಿ ನಿಂತ ವ್ಯಾಂಕೂವರ್ ದ್ವೀಪದ ದಕ್ಷಿಣ ತುದಿಯಲ್ಲಿ, ಬ್ರಿಟಿಷ್ ಕೊಲಂಬಿಯಾ ಪ್ರಾಂತದ ರಾಜಧಾನಿಯಾದ ವಿಕ್ಟೋರಿಯಾ ನಗರವಿದೆ. ಹಿಮಕ್ಕೆ ಹೆಸರಾದ ಆ ದೇಶದಲ್ಲಿ ಚಳಿಯ ಕಾಠಿಣ್ಯ ಅತಿ ಕಡಿಮೆಯಾಗಿರುವ ಊರುಗಳಲ್ಲಿ ಇದೂ ಒಂದಾದುದರಿಂದ, ಉದ್ಯೋಗದಿಂದ ನಿವೃತ್ತರಾದವರು ದೂರದ ಪ್ರಾಂತಗಳಿಂದ ಬಂದು ಇಲ್ಲಿ ನೆಲೆಸುವುದು ಬಹುಕಾಲದ ರೂಢಿ. ಹೂದೋಟ, ಸಂಜೆಯ ಚಹಾ, ಆಂಗ್ಲ ಸಂಪ್ರದಾಯದ ಮೆಲುನುಡಿ ಇವೇ ಆ ನಗರದ ಖ್ಯಾತಿ. ಇಂಥ ಸೌಮ್ಯವಾದ ಊರಿನಲ್ಲಿ, 1986-87ರ ಚಳಿಗಾಲದಲ್ಲಿ, ಐವತ್ತು ಅರುವತ್ತು ದಾಟಿದ ಕೆಲವು ಮಹಿಳೆಯರು ಕೂಡಿ ಕಟ್ಟಿದ ಮೇಳಕ್ಕೆ ‘ರೇಜಿಂಗ್ ಗ್ರ್ಯಾನೀಸ್’, ಎಂದರೆ ಕೆರಳಿದ ಅಜ್ಜಿಯರು, ಎಂದು ಹೆಸರು. ಹಾಡು ಮತ್ತು ವಿಡಂಬನೆಗಳನ್ನು ಆಯುಧವಾಗಿ ಹಿಡಿದು, ಅಣುಬಾಂಬಿನಿಂದ ಹಿಡಿದು ಆಸ್ಪತ್ರೆಯ ಅನುದಾನದವರೆಗೆ ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿಯೂ ಸರಕಾರವನ್ನು ನಿಲ್ಲಿಸಿ ಕೇಳುವ ಈ ಸಂಸ್ಥೆ, ನಾಗರಿಕ ಜೀವನದಲ್ಲಿ ನಗೆಗಿರುವ ಸ್ಥಾನವನ್ನು ಕುರಿತು ಗಂಭೀರವಾಗಿ ಯೋಚಿಸುವವರೆಲ್ಲರೂ ಅರಿಯತಕ್ಕದ್ದಾಗಿದೆ.

ಆ ಕಾಲದ ಸನ್ನಿವೇಶವನ್ನು ಸ್ವಲ್ಪ ನೆನೆಯಬೇಕು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ಶೀತಲಸಮರ ಇನ್ನೂ ಮುಗಿದಿರಲಿಲ್ಲ; 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದು, ಕಣ್ಣಿಗೆ ಕಾಣದ ವಿಕಿರಣಕ್ಕೆ ದೇಶಗಳ ಗಡಿಯೆಂಬುದಿಲ್ಲವೆಂದು ಲೋಕಕ್ಕೆ ಮನದಟ್ಟಾಗಿತ್ತು. ವಿಕ್ಟೋರಿಯಾದ ಮಗ್ಗುಲಲ್ಲಿಯೇ ಎಸ್ಕ್ವೈಮಾಲ್ಟ್ ನೌಕಾನೆಲೆ. ಅದೇ ದ್ವೀಪದ ನನೂಸ್ ಕೊಲ್ಲಿಯಲ್ಲಿ ಕೆನಡಾ ಮತ್ತು ಅಮೆರಿಕಗಳ ನೌಕಾಪಡೆಗಳು 1965ರಿಂದ ಜೊತೆಗೂಡಿ ಟಾರ್ಪೆಡೊಗಳನ್ನು ಪರೀಕ್ಷಿಸುತ್ತಿದ್ದ ಜಲಪ್ರದೇಶ. ಅಮೆರಿಕದ ಯುದ್ಧನೌಕೆಗಳೂ ಜಲಾಂತರ್ಗಾಮಿಗಳೂ ಈ ರೇವುಗಳಿಗೆ ಅತಿಥಿಗಳಾಗಿ ಬರುತ್ತಿದ್ದುವು. ಅವುಗಳಲ್ಲಿ ಅಣ್ವಸ್ತ್ರವಿದೆಯೇ ಎಂದು ಕೇಳಿದರೆ, ಇದೆಯೆಂದೂ ಹೇಳೆವು, ಇಲ್ಲವೆಂದೂ ಹೇಳೆವು ಎಂಬುದೇ ಅಮೆರಿಕದ ನೌಕಾಪಡೆಯ ಸಿದ್ಧ ಉತ್ತರ. ತಮ್ಮ ಮನೆಯ ಕಿಟಕಿಗೆ ಕಾಣುವ ಕಡಲಿನಲ್ಲಿ ಏನು ತೇಲುತ್ತಿದೆಯೆಂಬುದನ್ನು ತಿಳಿಯುವ ಅಧಿಕಾರವೂ ತಮಗಿಲ್ಲವೆಂಬ ಅರಿವು ಅಲ್ಲಿನ ಅನೇಕ ಪ್ರಜೆಗಳನ್ನು ಶಾಂತಿಚಳವಳಿಯ ಕಡೆಗೆ ತಂದಿತು.

ಆ ಚಳವಳಿಯಲ್ಲಿಯೂ ವಯಸ್ಸಾದ ಹೆಂಗಸರ ಸ್ಥಾನ ಹಿರಿದಾಗಿರಲಿಲ್ಲ. ಜೀವಮಾನವಿಡೀ ದುಡಿದು, ಓದಿ, ಮಕ್ಕಳನ್ನು ಬೆಳೆಸಿ, ಲೋಕಾನುಭವ ಗಳಿಸಿದ್ದ ಅವರನ್ನು, ಹಬ್ಬಕ್ಕೆ ಮಾತ್ರ ಕೆಳಗಿಳಿಸುವ ಅಟ್ಟದ ಮೇಲಿನ ಹಿತ್ತಾಳೆಯ ಪಾತ್ರೆಯಂತೆ ಕಾಣುವ ಅಭ್ಯಾಸ ಪ್ರಗತಿಪರರೆನಿಸಿಕೊಂಡವರಲ್ಲಿಯೂ ಇತ್ತು. ಚಹಾ ಕಾಸುವುದಕ್ಕೂ ಕರಪತ್ರ ಮಡಿಸುವುದಕ್ಕೂ ಅವರು ಬೇಕು. ನಿರ್ಧಾರದ ವೇಳೆಗೆ ಅವರ ಮಾತು ಕೇಳಿಸದು. ಈ ಅನಾದರವನ್ನು ಕುರಿತು ಅವರು ಕೊರಗುತ್ತ ಕೂಡಲಿಲ್ಲ. ಅಜ್ಜಿಯೆಂದರೆ ನಿರುಪದ್ರವಿ, ಅಜ್ಜಿಯ ಮಾತಿಗೆ ಯಾರೂ ಅಂಜಬೇಕಾದುದಿಲ್ಲ ಎಂಬ ಸಮಾಜದ ಭಾವನೆಯನ್ನೇ ಒಂದು ವೇಷವಾಗಿ ತೊಟ್ಟುಕೊಂಡರೆ, ಬೇರೆ ಯಾರಿಗೂ ತೆರೆಯದ ಬಾಗಿಲು ತಮಗೆ ತೆರೆದೀತೆಂಬ ಸೂಕ್ಷ್ಮವನ್ನು ಅವರು ಕಂಡುಕೊಂಡರು. ಈ ಸಂಸ್ಥೆಯ ಸ್ವಾರಸ್ಯವೆಲ್ಲ ಹುಟ್ಟಿದುದು ಇಲ್ಲಿ.

ಹಾಡಿಗೆ ಮೊದಲು ಅವರು ಕೈಹಾಕಿದುದು ಬೀದಿನಾಟಕಕ್ಕೆ. ಅಣುವಿಪತ್ತಿನ ತುರ್ತುಪಡೆಯೆಂದು ತಮ್ಮನ್ನು ತಾವೇ ಕರೆದುಕೊಂಡು, ಪ್ರಯೋಗಶಾಲೆಯ ಬಿಳಿಯ ನಿಲುವಂಗಿ ತೊಟ್ಟು, ಅಡುಗೆಮನೆಯ ರಸ ಹೀರುವ ರಬ್ಬರ್ ಬುರುಡೆಯ ಕೊಳವೆಗಳನ್ನು ಹಿಡಿದು, ದಾರಿಯ ಮೇಲೆ ನಿಂತ ಮಳೆನೀರನ್ನು ವಿಕಿರಣ ಪರೀಕ್ಷೆಗೆಂದು ಬಹು ಗಂಭೀರವಾಗಿ ಹೀರಿ ನೋಡುತ್ತಿದ್ದರು. ಏನಿದೆಂದು ಕುತೂಹಲದಿಂದ ನಿಂತವರಿಗೆ, ರೇವಿನಲ್ಲಿ ಲಂಗರು ಹಾಕಿರುವ ಹಡಗಿನಲ್ಲಿ ಅಪಘಾತವಾದರೆ ಈ ನಗರದ ಗತಿಯೇನೆಂಬ ಪ್ರಶ್ನೆ ತಾನಾಗಿಯೇ ಎದುರಾಗುತ್ತಿತ್ತು. ಭಾಷಣಕ್ಕೆ ಕಿವಿಗೊಡದೆ ಮುಂದೆ ಸಾಗುವ ದಾರಿಹೋಕನನ್ನು ಈ ನೋಟ ತಡೆದು ನಿಲ್ಲಿಸಿತು.

ಅಜ್ಜಿಯರ ಹೆಸರಿನಲ್ಲಿ ಮೊದಲ ಪ್ರದರ್ಶನ ನಡೆದುದು 1987ರ ಫೆಬ್ರವರಿ 14ರಂದು, ವ್ಯಾಲೆಂಟೈನ್ ದಿನ. ಪ್ಯಾಟ್ ಕ್ರಾಫ್ಟನ್ ಎಂಬವರು ಆಗ ಆ ಭಾಗದ ಸಂಸತ್ಸದಸ್ಯರು. ರಕ್ಷಣಾ ವಿಷಯಗಳ ಸಂಸದೀಯ ಸಮಿತಿಗೂ ಅಧ್ಯಕ್ಷರು. ನಿಶ್ಶಸ್ತ್ರೀಕರಣದಲ್ಲಿ ಅವರು ಸಾಕಷ್ಟು ಆಸಕ್ತಿ ವಹಿಸಲಿಲ್ಲವೆಂಬುದು ಮಹಿಳೆಯರ ಆಕ್ಷೇಪ. ಪ್ರೀತಿಯ ಕಾಣಿಕೆ ಕಳುಹಿಸುವ ಆ ದಿನ ಅವರು ಕ್ರಾಫ್ಟನ್ನರಿಗೆ ಒಪ್ಪಿಸಿದುದು ಒಡೆದ ಹೃದಯದ ಚಿತ್ರ. ಒಪ್ಪಿಸುವಾಗ ಹಾಡಿದುದು ಮೈತುಂಬ ತೂತುಗಳಿದ್ದ ಒಂದು ಕೊಡೆಯ ಕೆಳಗೆ ನಿಂತು. ಮಿತ್ರರಾಷ್ಟ್ರದ ಅಣ್ವಸ್ತ್ರದ ಛತ್ರಚ್ಛಾಯೆಯಲ್ಲಿ ನಾವು ಸುರಕ್ಷಿತರೆಂದು ರಾಜನೀತಿಜ್ಞರು ಹೇಳುತ್ತಿದ್ದ ಕಾಲದಲ್ಲಿ, ಆ ಛತ್ರಿ ಎಂಥದೆಂಬುದನ್ನು ವಿವರಣೆಯ ಮಾತಿಲ್ಲದೆ ಅವರು ತೋರಿಸಿಕೊಟ್ಟರು. ನೂರು ಪುಟದ ಮನವಿಪತ್ರ ಹೇಳುವುದನ್ನು ಒಂದು ತೂತುಕೊಡೆ ಹೇಳಬಲ್ಲುದಾದರೆ, ಅದನ್ನು ಕಲ್ಪಿಸಿದ ಮನಸ್ಸು ಸಾಮಾನ್ಯವಾದುದಲ್ಲ.

ಅಂದಿನಿಂದ ಅವರ ವೇಷವೂ ವಿಧಾನವೂ ಒಂದು ಪದ್ಧತಿಯಾಗಿ ನಿಂತುವು. ಹೂವು ಹಣ್ಣು ರಿಬ್ಬನ್ನುಗಳಿಂದ ತುಂಬಿದ ದೊಡ್ಡ ಟೋಪಿ, ಹೆಗಲ ಮೇಲೆ ಕಸೂತಿಯ ಶಾಲು, ಕೆಲವೊಮ್ಮೆ ಸೊಂಟಕ್ಕೆ ಅಡುಗೆಯ ಏಪ್ರನ್. ಹಾಡಿನ ಮಟ್ಟು ಎಲ್ಲರಿಗೂ ಬಾಲ್ಯದಿಂದ ಪರಿಚಿತವಾದುದಿರಬೇಕು: ಶಿಶುಗೀತೆ, ಜನಪದಗೀತೆ, ಚರ್ಚಿನ ಕೀರ್ತನೆ, ಹಳೆಯ ಚಿತ್ರಗೀತೆ. ಮಾತು ಮಾತ್ರ ಹೊಸತು, ಅಂದಿನ ಪತ್ರಿಕೆಯಿಂದ ಎತ್ತಿಕೊಂಡುದು. ಮಟ್ಟು ತನಗೆ ಗೊತ್ತಿರುವುದರಿಂದ ಕೇಳುವವನು ಮೊದಲ ಸಾಲಿಗೇ ತಲೆದೂಗುತ್ತಾನೆ. ಎರಡನೆಯ ಸಾಲಿನಲ್ಲಿ ಯುರೇನಿಯಂ ಗಣಿಯೋ ಯುದ್ಧದ ಆಯವ್ಯಯವೋ ಬಂದಾಗ ಕಿವಿ ಮುಚ್ಚಿಕೊಳ್ಳುವ ಹೊತ್ತು ಮೀರಿರುತ್ತದೆ. ಕಂಠಮಾಧುರ್ಯ ಇಲ್ಲಿ ಅರ್ಹತೆಯಲ್ಲ, ಸ್ವರ ತಪ್ಪಿದರೆ ಯಾರೂ ತಿದ್ದುವುದಿಲ್ಲ. ಆದರೆ ವಿಷಯ ತಪ್ಪಬಾರದು. ಹಾಡು ಬರೆಯುವ ಮುನ್ನ ಪ್ರಶ್ನೆಯ ಪೂರ್ವಾಪರಗಳನ್ನು ಓದಿ ತಿಳಿಯುವುದು ಅವರ ನಿಯಮ. ನಗಿಸುವವಳು ತಪ್ಪು ಅಂಕಿಯನ್ನು ಹೇಳಿ ಸಿಕ್ಕಿಬಿದ್ದರೆ ನಗೆ ತಿರುಗಿ ಅವಳ ಮೇಲೆಯೇ ಬೀಳುತ್ತದೆಂಬುದನ್ನು ಅವರು ಬಲ್ಲರು.

ಸಂಸ್ಥೆಯೆಂದೆನಾದರೂ, ಇದಕ್ಕೆ ಕೇಂದ್ರ ಕಚೇರಿಯಿಲ್ಲ, ಅಧ್ಯಕ್ಷೆಯಿಲ್ಲ. ಒಂದೊಂದು ಊರಿನ ಮೇಳವೂ ಸ್ವತಂತ್ರ. ಕೂಡಿ ಮಾತನಾಡಿ ಒಮ್ಮತಕ್ಕೆ ಬರುವುದೇ ಅವರ ಆಡಳಿತ. ಒಂದು ಊರಿನವರು ಕಟ್ಟಿದ ಹಾಡನ್ನು ಇನ್ನೊಂದು ಊರಿನವರು ಕೇಳದೆಯೇ ಎತ್ತಿಕೊಂಡು ತಮಗೆ ತಕ್ಕಂತೆ ಮಾರ್ಪಡಿಸಿ ಹಾಡಬಹುದು. ಮೊಮ್ಮಕ್ಕಳಿರಲೇಬೇಕೆಂಬ ನಿರ್ಬಂಧವೂ ಇಲ್ಲ. ಮುಂದಿನ ಪೀಳಿಗೆಯ ಕ್ಷೇಮವನ್ನು ಅಜ್ಜಿಯ ಹೃದಯದಿಂದ ಚಿಂತಿಸಬಲ್ಲವಳಾದರೆ ಸಾಕು. ಹೀಗೆ ಭಾರವಿಲ್ಲದ ಕಟ್ಟಡವಾದುದರಿಂದಲೇ ಅದು ಸುಲಭವಾಗಿ ಹಬ್ಬಿತು. ಕೆನಡಾದ ಇತರ ಪ್ರಾಂತಗಳಲ್ಲಿ ಮೇಳಗಳು ಹುಟ್ಟಿದುವು. ಫ್ರೆಂಚ್ ಮಾತನಾಡುವ ಕೆಬೆಕ್‌ನಲ್ಲಿ ‘ಮೇಮೇ ದೆಶೆನೇ’ ಎಂಬ ಹೆಸರಿನಿಂದ ಹಾಡಿದುವು. ಗಡಿಯಾಚೆ ಅಮೆರಿಕದಲ್ಲಿಯೂ ಬೇರೂರಿದುವು. ವಿಕ್ಟೋರಿಯಾ ಮೇಳದ ಬೆಟ್ಟಿ ಬ್ರೈಟ್‌ವೆಲ್ ಮತ್ತು ಆಲಿಸನ್ ಏಕರ್ 2004ರಲ್ಲಿ ತಮ್ಮ ಅನುಭವಗಳನ್ನು ಪುಸ್ತಕವಾಗಿ ಹೊರತಂದರೆ, ಅದೇ ವರ್ಷ ಕೆರೋಲ್ ರಾಯ್ ಎಂಬ ವಿದುಷಿ ಇವರ ಇತಿಹಾಸವನ್ನು ಗ್ರಂಥರೂಪದಲ್ಲಿ ನಿರೂಪಿಸಿದರು.

ಇವರಿಗೆ ಪೂರ್ವಿಕರಿಲ್ಲದಿಲ್ಲ. ಮನಿಟೋಬಾ ಪ್ರಾಂತದ ರಾಜಧಾನಿಯಾದ ವಿನಿಪೆಗ್‌ನಲ್ಲಿ 1914ರ ಜನವರಿ 27ರಂದು ಮಹಿಳೆಯರ ನಿಯೋಗವೊಂದು ಮುಖ್ಯಸಚಿವ ಸರ್ ರಾಡ್ಮಂಡ್ ರಾಬ್ಲಿನ್ ಅವರನ್ನು ಕಂಡು ಮತಾಧಿಕಾರವನ್ನು ಯಾಚಿಸಿತು. ಅವರು ಉಪಚಾರದ ಮಾತುಗಳನ್ನಾಡಿ ನಿರಾಕರಿಸಿದರು. ನಿಯೋಗದಲ್ಲಿದ್ದ ನೆಲ್ಲಿ ಮೆಕ್‌ಕ್ಲಂಗ್ ಎಂಬ ಲೇಖಕಿ ಆ ಭಾಷಣದ ಧ್ವನಿ, ಹಾವಭಾವ, ಕೈಬೀಸುಗಳನ್ನೆಲ್ಲ ಮನಸ್ಸಿಟ್ಟು ಗಮನಿಸಿದ್ದರು. ಮರುದಿನ ಸಂಜೆ ವಾಕರ್ ರಂಗಮಂದಿರದಲ್ಲಿ ಮಹಿಳೆಯರು ಒಂದು ಅಣಕು ಶಾಸನಸಭೆಯನ್ನು ಆಡಿದರು. ಅದರಲ್ಲಿ ಆಳುವವರು ಹೆಂಗಸರು. ಮತದಾನದ ಹಕ್ಕು ಬೇಡಿ ಕೈಮುಗಿದು ಬಂದವರು ಗಂಡಸರು. ಮುಖ್ಯಸಚಿವೆಯ ಪಾತ್ರ ವಹಿಸಿದ ಮೆಕ್‌ಕ್ಲಂಗ್, ಹಿಂದಿನ ದಿನ ತಾವು ಕೇಳಿದ್ದ ತರ್ಕವನ್ನೇ ತಿರುಗಿಸಿ, ಗಂಡಸರ ಸೌಂದರ್ಯವನ್ನು ಹೊಗಳಿ, ರಾಜಕೀಯ ಅವರ ಕೋಮಲ ಸ್ವಭಾವಕ್ಕೆ ಹೊಂದದೆಂದು ವಾತ್ಸಲ್ಯದಿಂದ ತಿಳಿಯಹೇಳಿದಾಗ, ತುಂಬಿದ ರಂಗಮಂದಿರ ನಕ್ಕು ಸುಸ್ತಾಯಿತು. ಮಾತು ಮಾತೂ ಅದೇ ಆಗಿದ್ದು ಬಾಯಿ ಮಾತ್ರ ಬದಲಾದಾಗ, ಅದುವರೆಗೆ ವಿವೇಕವೆಂದು ತೋರುತ್ತಿದ್ದುದು ಶುದ್ಧ ಅವಿವೇಕವೆಂದು ಎಲ್ಲರಿಗೂ ಕಾಣಿಸಿತು.

ಆದರೆ ಆ ಒಂದು ಸಂಜೆಯ ಹಿಂದೆ ವರ್ಷಗಳ ದುಡಿಮೆಯಿತ್ತೆಂಬುದನ್ನು ಮರೆಯಲಾಗದು. ಇದೇ ರಾಬ್ಲಿನ್ ಅವರನ್ನು ಮೆಕ್‌ಕ್ಲಂಗ್ ಅದಕ್ಕೆ ಮುಂಚೆ ನಗರದ ಗಾಳಿಬೆಳಕಿಲ್ಲದ ಕಾರ್ಖಾನೆಗಳಿಗೆ ಕರೆದೊಯ್ದು, ಹೆಣ್ಣುಮಕ್ಕಳು ಎಂಥ ಸ್ಥಿತಿಯಲ್ಲಿ ಕೂತು ದುಡಿಯುತ್ತಿದ್ದಾರೆಂಬುದನ್ನು ಕಣ್ಣಾರೆ ತೋರಿಸಿದ್ದರು. ನಾಟಕದ ಹಣ ಚಳವಳಿಯ ಖರ್ಚಿಗೊದಗಿತು. ರಾಬ್ಲಿನ್ 1915ರಲ್ಲಿ ಅಧಿಕಾರ ಬಿಟ್ಟರು. 1916ರ ಜನವರಿ 28ರಂದು, ನಾಟಕ ನಡೆದ ದಿನಕ್ಕೆ ಸರಿಯಾಗಿ ಎರಡು ವರ್ಷಕ್ಕೆ, ಮಹಿಳೆಯರಿಗೆ ಮತಾಧಿಕಾರವಿತ್ತ ಕೆನಡಾದ ಮೊದಲ ಪ್ರಾಂತವೆಂಬ ಕೀರ್ತಿ ಮನಿಟೋಬಾಕ್ಕೆ ಬಂದಿತು. ಆ ದೇಶದ ಮೂಲನಿವಾಸಿಗಳು ತಮ್ಮ ವಿಶೇಷ ಹಕ್ಕುಗಳನ್ನು ಬಿಟ್ಟುಕೊಡದೆ ರಾಷ್ಟ್ರದ ಚುನಾವಣೆಯಲ್ಲಿ ಮತ ಹಾಕಲು 1960ರವರೆಗೆ ಕಾಯಬೇಕಾಯಿತೆಂಬ ಕಹಿಸತ್ಯವನ್ನೂ ಇದರೊಡನೆಯೇ ಹೇಳಬೇಕು.

ನಗೆ ಹಗುರವಾದರೂ ಅದರ ಬೆಲೆ ಹಗುರವಲ್ಲವೆಂಬುದಕ್ಕೆ 1993ರ ಬೇಸಗೆ ಸಾಕ್ಷಿ. ವ್ಯಾಂಕೂವರ್ ದ್ವೀಪದ ಪಶ್ಚಿಮ ತೀರದಲ್ಲಿರುವ ಕ್ಲೇಯೊಕ್ವಾಟ್ ಸೌಂಡ್ ಪುರಾತನ ವೃಕ್ಷಗಳ ಮಳೆಕಾಡು. ನೂಚಾನುಲ್ತ್ ಜನಾಂಗದ ತಲೆತಲಾಂತರದ ನೆಲ. ಅದರ ಬಹುಭಾಗವನ್ನು ಮರಕಡಿತಕ್ಕೆ ಬಿಟ್ಟುಕೊಡಲು ಪ್ರಾಂತ ಸರಕಾರ ಆ ವರ್ಷದ ಏಪ್ರಿಲ್‌ನಲ್ಲಿ ನಿಶ್ಚಯಿಸಿತು. ಲಾರಿಗಳು ಹೋಗುವ ದಾರಿಯಲ್ಲಿ ಬೆಳಗಿನ ಜಾವ ಜನ ಬಂದು ಕೂಡುವುದು, ನ್ಯಾಯಾಲಯದ ತಡೆಯಾಜ್ಞೆಯನ್ನು ಪೊಲೀಸರು ಓದಿ ಹೇಳುವುದು, ಏಳದವರನ್ನು ಎತ್ತಿ ಒಯ್ಯುವುದು, ಹೀಗೆ ಆ ಬೇಸಗೆಯೆಲ್ಲ ನಡೆಯಿತು. ಎಂಟುನೂರಕ್ಕೂ ಮೇಲ್ಪಟ್ಟು ಜನರ ಬಂಧನವಾಯಿತು. ಅವರಲ್ಲಿ ಟೋಪಿ ತೊಟ್ಟ ಅಜ್ಜಿಯರೂ ಇದ್ದರು. ಹಾಡುತ್ತಿರುವ ಮುದುಕಿಯನ್ನು ತೋಳು ಹಿಡಿದು ಎಬ್ಬಿಸುವ ಪೊಲೀಸನ ಮನಸ್ಸಿನಲ್ಲಿ ಕೋಪ ಹುಟ್ಟುವುದು ಕಷ್ಟ. ಆ ಹಾಡು ಕೇಳಿ ಪಕ್ಕದ ತರುಣನ ಮುಷ್ಟಿ ಸಡಿಲುವುದೂ ಸಹಜ. ಅಹಿಂಸೆಗೆ ನಗೆ ಎಷ್ಟು ದೊಡ್ಡ ಕಾವಲೆಂಬುದು ಇಲ್ಲಿ ತಿಳಿಯುತ್ತದೆ. 2000ದಲ್ಲಿ ಯುನೆಸ್ಕೋ ಆ ಪ್ರದೇಶವನ್ನು ಜೀವಗೋಲದ ಸಂರಕ್ಷಿತ ತಾಣವೆಂದು ಅಂಗೀಕರಿಸಿತು.

ಇದೇ ಬಗೆಯ ಧೈರ್ಯ ಬೇರೆಡೆಯಲ್ಲಿಯೂ ಕಾಣಿಸಿಕೊಂಡಿತು. ಇರಾಕ್ ಯುದ್ಧದ ವೇಳೆ, 2005ರಲ್ಲಿ, ಅಮೆರಿಕದ ಟೂಸಾನ್ ನಗರದ ಮೇಳದವರು ಸೈನಿಕ ಭರ್ತಿಯ ಕಚೇರಿಗೆ ಹೋಗಿ, ಮೊಮ್ಮಕ್ಕಳು ಮನೆಗೆ ಮರಳಲಿ, ಅವರಿಗೆ ಬದಲಾಗಿ ತಾವು ಸೇರುವೆವೆಂದು ಮುಂದೆ ಬಂದರು.

ಈ ಮೇಳಗಳ ಮಿತಿಯನ್ನೂ ಮರೆಮಾಚಬೇಕಾದುದಿಲ್ಲ. ಇವರಲ್ಲಿ ಬಹುಮಂದಿ ಬಿಳಿಯರು, ವಿದ್ಯಾವಂತರು, ಮಧ್ಯಮವರ್ಗದವರು. ಪೊಲೀಸರು ಇವರ ಮೇಲೆ ಕೈಯೆತ್ತಲು ಹಿಂಜರಿಯುವುದಕ್ಕೆ ವಯಸ್ಸಿನಷ್ಟೇ ಇವರ ಬಣ್ಣವೂ ಕಾರಣ. ಮೂಲನಿವಾಸಿ ವೃದ್ಧೆಯೊಬ್ಬಳು ಅದೇ ಹಾಡನ್ನು ಅದೇ ದಾರಿಯಲ್ಲಿ ಹಾಡಿದರೆ ಅದೇ ಸೌಜನ್ಯ ದೊರೆತೀತೆಂದು ಹೇಳಲಾಗದು. ತನಗೆ ಅನಾಯಾಸವಾಗಿ ದೊರೆತ ರಕ್ಷಣೆಯನ್ನು ತನ್ನ ಸುಖಕ್ಕೆ ಮುಡಿಪಾಗಿಡದೆ, ಅದಿಲ್ಲದವರ ಪರವಾಗಿ ವೆಚ್ಚ ಮಾಡುವುದು ಇದಕ್ಕೆ ಯೋಗ್ಯವಾದ ಪರಿಹಾರ. ಮಕ್ಕಳ ಬಡತನ, ಸಾರ್ವಜನಿಕ ಆಸ್ಪತ್ರೆ, ಕಾಡು, ನೀರು ಇವೆಲ್ಲವನ್ನೂ ತಮ್ಮ ಹಾಡಿನ ವಸ್ತುವಾಗಿಸಿ ಅಜ್ಜಿಯರು ಮಾಡಿದುದು ಇದನ್ನೇ.

ಕೆನಡಾದವರ ಪರಿಹಾಸಪ್ರಿಯತೆ ಬೇರೆ ರೂಪಗಳಲ್ಲಿಯೂ ರಾಜಕೀಯವನ್ನು ಹೊಕ್ಕಿದೆ. ವೈದ್ಯರೂ ಸಾಹಿತಿಗಳೂ ಆಗಿದ್ದ ಝಾಕ್ ಫೆರೋನ್ 1963ರಲ್ಲಿ ಕೆಬೆಕ್‌ನಲ್ಲಿ ಸ್ಥಾಪಿಸಿದ ಖಡ್ಗಮೃಗ ಪಕ್ಷ, ಗುರುತ್ವಾಕರ್ಷಣೆಯ ನಿಯಮವನ್ನೇ ರದ್ದುಪಡಿಸುವೆವು, ಕೊಟ್ಟ ಮಾತು ಒಂದನ್ನೂ ನಡೆಸೆವು ಎಂದು ಘೋಷಿಸಿ ಚುನಾವಣೆಗಳಿಗೆ ನಿಂತು, ರಾಜಕಾರಣಿಗಳ ಪೊಳ್ಳು ಭರವಸೆಗೆ ಕನ್ನಡಿ ಹಿಡಿಯಿತು. ಆ ನಗೆಗೆ ತನ್ನದೇ ಬೆಲೆಯುಂಟು. ಆದರೆ ರಾಜಕೀಯವೇ ಹುಚ್ಚಾಟವೆಂದು ನಕ್ಕು ಮನೆಗೆ ಮರಳುವವನಿಗಿಂತ, ಈ ಒಂದು ತಪ್ಪನ್ನು ತಿದ್ದೆಂದು ನಕ್ಕು ಬಾಗಿಲಲ್ಲಿಯೇ ನಿಲ್ಲುವವಳು ಪ್ರಜಾಪ್ರಭುತ್ವಕ್ಕೆ ಹೆಚ್ಚು ಬೇಕಾದವಳು.

ಅಜ್ಜಿಯರ ಮೇಳದಿಂದ ಯಾವ ದೇಶದವರಾದರೂ ಕಲಿಯಬಹುದಾದುದು ಈ ನಿಲುವನ್ನು. ಇದಕ್ಕೆ ಹಣ ಬೇಡ, ವೇದಿಕೆ ಬೇಡ, ಯೌವನವಂತೂ ಬೇಡ; ವಿಷಯವನ್ನು ಓದುವ ತಾಳ್ಮೆ, ಎದುರಾಳಿಯನ್ನು ದ್ವೇಷಿಸದ ಮನಸ್ಸು, ನಾಲ್ಕು ಮಂದಿ ನೋಡುತ್ತಿರುವಾಗ ಎದ್ದು ನಿಲ್ಲುವ ದಿಟ್ಟತನ ಇಷ್ಟು ಬೇಕು. ಉದ್ಯೋಗಕ್ಕೆ ನಿವೃತ್ತಿಯುಂಟು, ಪ್ರಜೆಯ ಹೊಣೆಗೆ ಇಲ್ಲವೆಂದು ನಂಬಿದ ಕೆಲವು ಹೆಂಗಸರು, ತಮ್ಮ ಬಾಳಿನ ಕೊನೆಯ ದಶಕಗಳನ್ನು ವಿಶ್ರಾಂತಿಗೆ ಒಪ್ಪಿಸದೆ ಊರಿನ ಹಿತಕ್ಕೆ ಒಪ್ಪಿಸಿದರು. ವೃದ್ಧಾಪ್ಯಕ್ಕೆ ಇದಕ್ಕಿಂತ ಗೌರವದ ಉದ್ಯೋಗ ಬೇರಿಲ್ಲ.